ಗಂಡಸಿನ ಸಹಿ

ಹರಿಹರದ ಬೈಪಾಸಿನಲ್ಲಿ ಲಾರಿ ಬಡಿದು ಶಿವಮೂರ್ತಿ ಸತ್ತಾಗ ಅವನ ಹೆಂಡತಿ ಮೀನಾಕ್ಷಿ ನಾಲ್ಕು ತಿಂಗಳ ಬಸುರಿ. ಕೊಕ್ಕನೂರಿನ ಮನೆಯಲ್ಲಿ ಆಗಲೇ ಇಬ್ಬರು ಹೆಣ್ಣುಮಕ್ಕಳು. ತಿಥಿ ಮುಗಿದ ಮೇಲೆ ಅವಳು ಅತ್ತೆ ದುರುಗವ್ವನಿಗೆ ಮೆಲ್ಲಗೆ ಹೇಳಿದಳು:

"ಅತ್ತೆ, ಇದೊಂದು ಬ್ಯಾಡ. ಮೂರು ಮಕ್ಕಳನ್ನ ಒಬ್ಬಳೇ ಹೆಂಗೆ ಸಾಕ್ಲಿ? ಹರಿಹರದ ಗಾರ್ಮೆಂಟ್ಸಿನಾಗೆ ಕೆಲಸ ಕೊಡ್ತೀವಿ ಅಂದಾರೆ."

ಹೊಟ್ಟೆಯಲ್ಲಿದ್ದದ್ದು ಸತ್ತ ಮಗನದು. ಆದರೂ ದುರುಗವ್ವ, "ನಡಿ, ನಾನೂ ಬರ್ತೀನಿ" ಎಂದಳು.

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಒಂದು ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ಸ್ಕ್ಯಾನ್ ಮಾಡಿ ಹದಿನೆಂಟು ವಾರ ಎಂದರು.

"ಗಂಡನ ಸಹಿ ಬೇಕಲ್ಲಮ್ಮ."

"ಅವ್ರು ತೀರ್ಕೊಂಡಾರ್ರಿ."

"ಹಂಗಾದ್ರೆ ಡೆತ್ ಸರ್ಟಿಫಿಕೇಟ್ ತಗೊಂಡು ಬರ್ರಿ. ಮಾವನ ಸಹಿನೂ ಬೇಕು. ನಾಳೆ ಗಲಾಟೆ ಆದ್ರೆ ಕಾನೂನು ನಮ್ಮ ಕುತ್ತಿಗೆಗೆ ಬರ್ತೈತೆ."

ಪೋಸ್ಟ್‌ಮಾರ್ಟಂ ಚೀಟಿಯಲ್ಲಿ ಹೆಸರು ತಪ್ಪಾಗಿತ್ತು. ಅದನ್ನು ತಿದ್ದಿಸಿ ಸರ್ಟಿಫಿಕೇಟ್ ಪಡೆಯಲು ನಾಲ್ಕು ವಾರ ಹಿಡಿಯಿತು. ಮಾವ ಗೋಣೆಪ್ಪ ಸಹಿ ಹಾಕಲಿಲ್ಲ. "ಗಂಡಾದ್ರೆ ನನ್ನ ಮಗ ವಾಪಸ್ ಬಂದಂಗೆ" ಎಂದ. ದುರುಗವ್ವ ಎರಡು ವಾರ ಅವನೊಂದಿಗೆ ಜಗಳವಾಡಿದಳು, ಊಟ ಬಿಟ್ಟಳು. ಅವನು ಜಗ್ಗಲಿಲ್ಲ. ಆಮೇಲೆ ಸೊಸೆಯನ್ನು ಕರೆದುಕೊಂಡು ತಾನೇ ಡಾಕ್ಟರ ಮುಂದೆ ನಿಂತಳು.

"ಸತ್ತೋನ್ನ ಹಡೆದೋಳು ನಾನ್ರೀ. ನನ್ನ ಹೆಬ್ಬೆಟ್ಟು ಒತ್ತಿಸ್ಕೊಳ್ರಿ."

ಡಾಕ್ಟರು ಫೈಲು ಮುಚ್ಚಿ ಬೇರೆ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಅಲ್ಲಿದ್ದ ಡಾಕ್ಟರ್ ಮಹೀನ್ ಹೊಸದಾಗಿ ಸ್ಕ್ಯಾನ್ ಮಾಡಿದಳು. "ಇಪ್ಪತ್ನಾಕು ವಾರ ದಾಟಿ ಮೂರು ದಿನ ಆಗೈತಮ್ಮ. ಇನ್ನು ನಾವು ಮಾಡೋ ಹಂಗಿಲ್ಲ. ಇಷ್ಟು ದಿನ ಯಾಕ ಕಾದ್ರಿ?"

"ಮಾವನ ಸಹಿಗೆ..."

ಮಹೀನ್ ಪೆನ್ನು ಕೆಳಗಿಟ್ಟಳು. "ಯಾರ ಸಹಿನೂ ಬೇಕಿರಲಿಲ್ಲ. ನಿಮ್ಮದೊಂದೇ ಸಾಕಿತ್ತು. ಗಂಡ ತೀರ್ಕೊಂಡೋರಿಗೆ ಇಪ್ಪತ್ನಾಕು ವಾರದ ತನಕ ಕಾನೂನೇ ಅವಕಾಶ ಕೊಟ್ಟೈತೆ. ಈಗ ಬೆಂಗಳೂರಿಗೆ, ಹೈಕೋರ್ಟಿಗೆ ಹೋಗಿ ಅಪ್ಪಣೆ ತರ್ಬೇಕು."

ಮೀನಾಕ್ಷಿ ಎಂಟನೇ ಕ್ಲಾಸು ಓದಿದವಳು. "ನಂಗೆ ಸಹಿ ಮಾಡಾಕೆ ಬರ್ತೈತ್ರಿ" ಎಂದಳು.

ಹೈಕೋರ್ಟಿಗೆ ಯಾರೂ ಹೋಗಲಿಲ್ಲ. ಹೆಣ್ಣು ಹುಟ್ಟಿತು. ಗೋಣೆಪ್ಪ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಹರಿಹರದ ಗಾರ್ಮೆಂಟ್ಸಿನಲ್ಲಿ ಮೀನಾಕ್ಷಿಗೆಂದು ಇಟ್ಟಿದ್ದ ಕೆಲಸ ಅಷ್ಟರಲ್ಲಿ ಬೇರೆಯವಳಿಗೆ ಹೋಗಿತ್ತು. ಈಗ ಅತ್ತೆ ಸೊಸೆ ಇಬ್ಬರೂ ಕೂಲಿಗೆ ಹೋಗುತ್ತಾರೆ. ಕೂಸನ್ನು ನೋಡಿಕೊಳ್ಳಲು ಹನ್ನೊಂದು ವರ್ಷದ ದೊಡ್ಡ ಮಗಳು ಶಾಲೆ ಬಿಟ್ಟಿದ್ದಾಳೆ.