ಸೆರಗಿನ ಸವಾರರು

ಸತ್ತ ತಾಯಿಗೆ ಹೊದಿಸಿದ್ದ ಸೀರೆಯನ್ನು ಕನ್ನಮ್ಮ ಎಳೆದು, ಸುತ್ತಿ, ಎದೆಗೆ ಒತ್ತಿಕೊಳ್ಳುವಾಗಲೇ ಬಾಗಿಲಲ್ಲಿ ದೊಡ್ಡಪ್ಪನ ನೆರಳು ಬಿತ್ತು. ಜಟ್ಟಿಂಗಪ್ಪ ಹೊಸ್ತಿಲು ದಾಟಲಿಲ್ಲ. ಬೇವಿನ ಸೊಪ್ಪನ್ನು ಮೂಗಿಗೆ ಹಿಡಿದುಕೊಂಡು ಆಚೆಯಿಂದಲೇ ಹೇಳಿದ.

"ಅದನ್ನ ಅಲ್ಲೇ ಬಿಡು ಕನ್ನಿ. ಅವಳ ಜೊತೆ ಗುಂಡಿಗೆ ಹೋಗ್ಲಿ."

ತಾಯಿ ಬಂಗಾರಮ್ಮ ಬೆಳಗಿನ ಜಾವ ಸಿಡುಬಿನಲ್ಲಿ ತೀರಿಕೊಂಡಿದ್ದಳು. ಅಣೆಕಟ್ಟೆಯ ನೀರು ಬ್ಯಾಕೋಡಿನ ಸುತ್ತ ನಿಂತ ಮೇಲೆ ಊರಿಗೆ ಬರುವವರೇ ಕಡಿಮೆ. ಸಿಡುಬು ತಡೆಯುವ ಲಸಿಕೆ ಚುಚ್ಚಿ ದಾಕು ಹಾಕುವವನು ಇನ್ನೂ ಈಚೆ ದಡಕ್ಕೆ ಬಂದಿರಲಿಲ್ಲ. ಬಾಣಂತನಕ್ಕೆ ತವರಿಗೆ ಬಂದಿದ್ದ ಕನ್ನಮ್ಮನಿಗೆ ಚಿಕ್ಕಂದಿನಲ್ಲೇ ದಾಕು ಹಾಕಿಸಿದ್ದರು. ಅವಳ ಎಳೆಗೂಸಿಗೆ ಹಾಕಿಸಿರಲಿಲ್ಲ. ಕೂಸನ್ನು ಪಕ್ಕದ ಮನೆಯ ಕೆರಿಯಮ್ಮನ ಮಡಿಲಿಗೆ ಹಾಕಿದ್ದಳು. ಕೆರಿಯಮ್ಮನಿಗೆ ಎಂದೋ ಸಿಡುಬು ಬಂದು ಹೋಗಿತ್ತು, ಮುಖದ ತುಂಬ ಅದರ ಕಲೆ.

"ಕುದಿಸಿ ಒಣಗಿಸ್ತೀನಿ ದೊಡ್ಡಪ್ಪ. ಕೂಸಿಗೆ ಅಜ್ಜೀದು ಅಂತ ಇನ್ನೇನೂ ಇಲ್ಲ."

"ಕೂಸು ಉಳಿದ್ರಲ್ವಾ ಉಡೋದು?"

ಕನ್ನಮ್ಮ ಪಕ್ಕದ ಮನೆಯತ್ತ ನೋಡಿದಳು. ಆದರೂ ಸೀರೆ ಬಿಡಲಿಲ್ಲ.

*

ಬಂಗಾರಮ್ಮ ಆ ಸೀಮೆಯವಳಲ್ಲ. ಯುದ್ಧದ ಕಾಲದಲ್ಲಿ ಸೈನ್ಯದ ಅಡುಗೆ ಕೆಲಸಕ್ಕೆಂದು ಬಂಗಾಳಕ್ಕೆ ಹೋಗಿದ್ದ ಕನ್ನಮ್ಮನ ಅಪ್ಪ ಮಾಸ್ತಪ್ಪ ಅವಳನ್ನು ಕಟ್ಟಿಕೊಂಡು ಬಂದಿದ್ದ. ನೇಕಾರರ ಮನೆಯ ಹುಡುಗಿ. ಕ್ಷಾಮದಲ್ಲಿ ಮನೆಮಂದಿಯೆಲ್ಲ ಸತ್ತು ಒಬ್ಬಳೇ ಉಳಿದಿದ್ದಳು, ಮುತ್ತಜ್ಜ ನೇಯ್ದ ರೇಷ್ಮೆ ಸೀರೆಯನ್ನು ಹೊಟ್ಟೆಗೆ ಸುತ್ತಿಕೊಂಡು. ಅಕ್ಕಿಗೆ ಬದಲಾಗಿ ಅದನ್ನು ಯಾರೂ ತೆಗೆದುಕೊಂಡಿರಲಿಲ್ಲ. ಬಂಗಾಳದವಳು ಊರವರ ಬಾಯಲ್ಲಿ ಬಂಗಾರಮ್ಮನಾದಳು.

ಅದು ಬಂಗಾಳದ ನೇಯ್ಗೆಯ ಬಾಲೂಚರಿ ಸೀರೆ. ನೇರಳೆ ಬಣ್ಣದ ಒಡಲು. ಸೆರಗಿನ ನಡುವೆ ದೊಡ್ಡ ಮಾವಿನಕಾಯಿಗಳು, ಸುತ್ತ ಚೌಕ ಚೌಕಗಳಲ್ಲಿ ಹೂವು ಮೂಸುತ್ತ ಕುದುರೆ ಏರಿದವರು, ಹುಕ್ಕಾ ಸೇದುವ ಹೆಂಗಸರು, ರೈಲಿನ ಕಿಟಕಿಯಲ್ಲಿ ಕುಳಿತವರು. ಜರಿಯ ಒಂದೆಳೆಯೂ ಇಲ್ಲ, ಎಲ್ಲವೂ ರೇಷ್ಮೆಯಲ್ಲೇ. ಸೆರಗಿನಲ್ಲಿ ಹೂಬಳ್ಳಿ ಕಂಡಿದ್ದ ಊರ ಹೆಂಗಸರು ಮನುಷ್ಯರನ್ನು ಕಂಡಿರಲಿಲ್ಲ. ಸತ್ತವರನ್ನು ಕಟ್ಟಿಹಾಕಿದ ಸೀರೆ ಎಂದು ದೂರ ಸರಿದರು. ಬಂಗಾರಮ್ಮನ ಚೊಚ್ಚಲ ಗಂಡುಮಗು ಜ್ವರದಲ್ಲಿ ಹೋದಾಗ, ಆ ಸವಾರರೇ ಒಯ್ದರೆಂದು ಮಾಸ್ತಪ್ಪನ ತಾಯಿ ಹೇಳಿದಳು. ಅಂದೇ ಸೀರೆ ಪೆಟ್ಟಿಗೆ ಸೇರಿತು.

ಬಾಗಿಲು ಹಾಕಿಕೊಂಡು ಬಂಗಾರಮ್ಮ ಮಗಳು ಕನ್ನಮ್ಮನಿಗೆ ಮಾತ್ರ ಒಮ್ಮೊಮ್ಮೆ ತೋರಿಸುತ್ತಿದ್ದಳು. ಹುಡುಗಿ ಹೆದರಿ ಕಣ್ಣು ಮುಚ್ಚಿದರೆ ಬೆರಳು ಹಿಡಿದು ಕುದುರೆಯ ಮೇಲೆ ಇಡುತ್ತಿದ್ದಳು.

"ಮುಟ್ಟಿ ನೋಡು. ಕಾಲು ನೂಲಲ್ಲಿ ಸಿಕ್ಕಿದೆ. ಎಲ್ಲಿಗೂ ಹೋಗಲ್ಲ ಇದು."

ಮೈತುಂಬ ಗುಳ್ಳೆ ಎದ್ದು ಮಾತು ಕ್ಷೀಣಿಸುತ್ತಿದ್ದಾಗ, ಆ ಸೀರೆಯನ್ನು ಹೊದಿಸೆಂದು ಕೇಳಿದ್ದೇ ಅವಳ ಕೊನೆಯ ಮಾತು.

*

ಪಕ್ಕದ ಮನೆಯ ಜಗಲಿಯಲ್ಲಿ ಕೂಸು ಅತ್ತಿತು. ಕನ್ನಮ್ಮನ ಎದೆಯಲ್ಲಿ ಹಾಲು ಇಳಿದು ಕುಪ್ಪಸ ಒದ್ದೆಯಾಯಿತು. ಕೂಸು ಬಾಯಿಡುವ ಜಾಗಕ್ಕೇ ಸೀರೆ ಒತ್ತಿಕೊಂಡು ನಿಂತಿದ್ದೇನೆಂದು ಆಗ ಹೊಳೆಯಿತು. ಕೆಂಡ ಹಿಡಿದವಳಂತೆ ಅದನ್ನು ಕೆಳಗೆ ಹಾಕಿದಳು. ಆಮೇಲೆ ಬಗ್ಗಿ ಎತ್ತಿಕೊಂಡು ತಾಯಿಗೆ ಹೊದಿಸಿದಳು, ಸೆರಗು ಮುಖದ ಮೇಲೆ ಬರುವಂತೆ.

ಸಿಡುಬಿನಲ್ಲಿ ಸತ್ತವರನ್ನು ಅಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಹೊರಲು ಯಾರೂ ಮುಂದೆ ಬರಲಿಲ್ಲ. ಬಹಳ ಹೊತ್ತು ಕಾದು ಜಟ್ಟಿಂಗಪ್ಪ ಸೊಪ್ಪು ಎಸೆದು ಒಳಗೆ ಬಂದ. ಅವನೂ ತಮ್ಮ ಮಾಸ್ತಪ್ಪನೂ ಇಬ್ಬರೇ ಚಾಪೆಯಲ್ಲಿ ಎತ್ತಿಕೊಂಡು ನಡೆದರು, ಹಿಂದೆ ಕನ್ನಮ್ಮ. ಊರವರು ದೂರದಲ್ಲೇ ನಿಂತರು.

ಗುಂಡಿಯ ಅಂಚಿನಲ್ಲಿ ಮಾಸ್ತಪ್ಪ ಹಿಡಿ ಮಣ್ಣು ತೆಗೆದುಕೊಂಡವನು ಹಾಕದೆ ನಿಂತುಬಿಟ್ಟ. ಅಣ್ಣ ಅವಸರ ಮಾಡಿದ.

"ಇವಳ ಹೆಸರು ಬಂಗಾರಮ್ಮ ಅಲ್ಲ ಅಣ್ಣ," ಎಂದ ಮಾಸ್ತಪ್ಪ. "ಶೆಫಾಲಿ."

ತಾಯಿಯ ಹೆಸರನ್ನು ಕನ್ನಮ್ಮ ಕೇಳಿದ್ದು ಅದೇ ಮೊದಲು. ಜಟ್ಟಿಂಗಪ್ಪ ಗುಂಡಿಯೊಳಗೆ ನೋಡಿ, ಆ ಹೆಸರನ್ನು ತಡವರಿಸುತ್ತ ಒಮ್ಮೆ ಹೇಳಿದ. ಆಮೇಲೆ ಮಣ್ಣು ಬಿತ್ತು. ಮೊದಲು ಸವಾರರು ಮುಚ್ಚಿಹೋದರು, ನಂತರ ರೈಲು.

ಕನ್ನಮ್ಮ ಹಿನ್ನೀರಿನಲ್ಲಿ ಸೊಂಟದವರೆಗೆ ಇಳಿದು ಬೂದಿ ಹಾಕಿ ಕೈ ತಿಕ್ಕಿದಳು, ಎದೆ ತಿಕ್ಕಿದಳು. ಚರ್ಮ ಕೆಂಪಾಗಿ ಉರಿಯಿತು. ಕೆರಿಯಮ್ಮ ಚೀರುವ ಕೂಸನ್ನು ಎತ್ತಿಕೊಂಡು ದಡಕ್ಕೆ ಬಂದಳು.

"ಸಾಕು ಬಾರೇ. ಹಸಿದಿದೆ ಇದು."

ಕನ್ನಮ್ಮ ಎರಡೂ ಕೈ ಮುಂದೆ ಚಾಚಿದಳು. ತಿರುಗಿಸಿ ನೋಡಿಕೊಂಡಳು. ಮತ್ತೆ ನೀರೊಳಗೆ ಅದ್ದಿದಳು. ಕುಪ್ಪಸದಿಂದ ಹಾಲು ಹನಿಹನಿಯಾಗಿ ಹಿನ್ನೀರಿಗೆ ಬೀಳುತ್ತಿತ್ತು.