ವಾಲಿದ ಬಕೆಟ್ಟು

"ಕಲಿಸಿದ್ದೇನೋ ಸರಿ. ಸ್ವಂತದ್ದು ಅಂತ ಒಂದಾದ್ರೂ ಚಿತ್ರ ಇದ್ಯಾ?" ಎಂದು ಹೆಡ್‌ಮಾಸ್ಟರು ಕೇಳಿದಾಗ ನನಗೆ ನಖಶಿಖಾಂತ ಉರಿದುಹೋಯಿತು. ಮೂವತ್ತೆರಡು ವರ್ಷ ಅದೇ ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಟ್ಟ ನನ್ನಜ್ಜಿ ತೀರಿಕೊಂಡು ಆಗಿನ್ನೂ ತಿಂಗಳು ತುಂಬಿರಲಿಲ್ಲ. ಡ್ರಾಯಿಂಗ್ ಕೋಣೆಗೆ ಅವಳ ಹೆಸರಿಡಿ ಎಂದು ಹಳೆಯ ವಿದ್ಯಾರ್ಥಿಗಳು ಕೇಳಿದ್ದರು. ಸ್ವತಃ ಚಿತ್ರ ಬರೆದವರ ಹೆಸರನ್ನೇ ಇಡಬೇಕು ಎಂಬುದು ಈ ಮಹಾಶಯರ ಪಟ್ಟು.

"ಒಂದ್ಯಾಕೆ, ಟ್ರಂಕ್ ತುಂಬಾ ಇದೆ. ಭಾನುವಾರ ತರ್ತೀನಿ," ಎಂದುಬಿಟ್ಟೆ.

ಟ್ರಂಕ್ ಇದ್ದದ್ದು ನಿಜ. ಒಳಗೇನಿದೆಯೆಂದು ನಾನು ನೋಡಿದವಳಲ್ಲ. ನಾನು ಓದಿದ್ದು ಬೇರೆ ಊರಲ್ಲಿ. ರಜೆಗೆ ಬಂದು "ಒಂದು ಚಿತ್ರ ಬರ್ಕೊಡಜ್ಜಿ" ಎಂದು ಗೋಗರೆದರೆ, "ನಂಗೂ ರಜೆ ಕಣೆ" ಎಂದು ಕಾಲು ಚಾಚಿ ಮಲಗುತ್ತಿದ್ದಳು. ಆ ವಿಷಯಕ್ಕೆ ಅವಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮನೆಗೆ ಹೋದವಳೇ ಟ್ರಂಕ್ ತೆರೆದೆ. ನಲವತ್ತೊಂದು ಚಿತ್ರ. ಕುರ್ಚಿ, ಕೊಡೆ, ಚಪ್ಪಲಿ, ಬೀಗದ ಕೈ. ಪ್ರತಿ ಹಾಳೆಯನ್ನೂ ಒಂದೊಂದು ರಟ್ಟಿನ ಮೇಲಿಟ್ಟು, ನಾಲ್ಕೂ ಮೂಲೆಯನ್ನು ರಟ್ಟಿನ ಸೀಳುಗಳಿಗೆ ಸಿಕ್ಕಿಸಿದ್ದಳು. ಹೆಸರಿಲ್ಲ, ತಾರೀಖಿಲ್ಲ. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎಲ್ಲಕ್ಕಿಂತ ವಿಚಿತ್ರವಾಗಿದ್ದ ಒಂದು ಬಕೆಟ್ಟನ್ನು ಆರಿಸಿ, ರಟ್ಟಿನ ಸಮೇತ ಫ್ರೇಮ್ ಹಾಕಿಸಿದೆ. ಬಕೆಟ್ಟು ಎಡಕ್ಕೆ ವಾಲಿತ್ತು. ದೊಡ್ಡ ಕಲಾವಿದರು ಹೀಗೆಲ್ಲ ವಾಲಿಸುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ.

ಭಾನುವಾರ ಹಳೆಯ ವಿದ್ಯಾರ್ಥಿಗಳೆಲ್ಲ ಬಂದು ಡ್ರಾಯಿಂಗ್ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಜಂಬಕ್ಕೆ ಟ್ರಂಕನ್ನೂ ಹೊತ್ತುಕೊಂಡೇ ಹೋಗಿದ್ದೆ. ಸಾಲದ್ದಕ್ಕೆ ಭಾಷಣವನ್ನೂ ಬಿಗಿದೆ. "ಈ ಬಕೆಟ್ಟು ವಾಲಿದ್ರೂ ಒಂದು ಹನಿ ಚೆಲ್ಲಿಲ್ಲ. ಇದೇ ನಮ್ಮಜ್ಜಿಯ ಜೀವನದರ್ಶನ." ಹೆಡ್‌ಮಾಸ್ಟರು ತಲೆದೂಗಿದರು.

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ನಲ್ಲಿ ರಿಪೇರಿಯವರು, ಐವತ್ತರ ಆಸುಪಾಸು. "ತಪ್ಪು ತಿಳ್ಕೋಬೇಡಿ ಮೇಡಂ. ಅದು ನಾನು ಬರೆದಿದ್ದು. ಐದನೇ ಕ್ಲಾಸಲ್ಲಿ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಹಾಗಾದ್ರೆ ಟ್ರಂಕಲ್ಲಿರೋದೆಲ್ಲ ಮಕ್ಕಳು ಗೀಚಿದ್ದು," ಎಂದರು ಹೆಡ್‌ಮಾಸ್ಟರು.

"ಅವಸರ ಮಾಡ್ಬೇಡಿ ಸಾರ್. ಟೀಚರ್ ಯಾವತ್ತೂ ನಮ್ಮ ಚಿತ್ರದ ಮೇಲೆ ಪೆನ್ಸಿಲ್ ಇಟ್ಟೋರಲ್ಲ. ತಪ್ಪಿದ್ರೆ ಹಾಳೆ ತಿರುಗಿಸಿ ಹಿಂದ್ಗಡೆ ಬರೆಯೋರು."

ಅವರು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಫ್ರೇಮ್ ಬಿಚ್ಚಿದರು, ರಟ್ಟಿನಿಂದ ಹಾಳೆ ಬಿಡಿಸಿ ತಿರುಗಿಸಿದರು.

ಹಿಂದೆ ಬಕೆಟ್ಟಿರಲಿಲ್ಲ. ಬೆಂಚಿನ ಮೇಲೆ ಒಂದು ಕಾಲು ಮಡಚಿ ಕೂತ ಹತ್ತು ವರ್ಷದ ಹುಡುಗನಿದ್ದ. ನಾಲಿಗೆ ಬಾಯಿಯ ಮೂಲೆಯಿಂದ ಇಣುಕುತ್ತಿತ್ತು, ಇಡೀ ಮೈ ಎಡಕ್ಕೆ ವಾಲಿತ್ತು. ಹೆಚ್ಚೆಂದರೆ ಇಪ್ಪತ್ತು ಗೆರೆ; ಉಸಿರಾಡುತ್ತಿದ್ದಾನೆ ಅನ್ನಿಸುವಂಥ ಹುಡುಗ.

"ಬಕೆಟ್ ನೆಟ್ಟಗೇ ಇದೆ, ನೀನು ನೆಟ್ಟಗೆ ಕೂತ್ಕೋ ಅಂದಿದ್ರು," ಎಂದರು ನಲ್ಲಿಯವರು. ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು.

ಆಮೇಲೆ ನೋಡಬೇಕಿತ್ತು. ಎಲ್ಲರೂ ಟ್ರಂಕಿಗೆ ಮುಗಿಬಿದ್ದರು. "ಕೊಡೆ ನಂದು." "ಏ, ಚಪ್ಪಲಿ ನಂದು ಕಣೋ, ಬಿಡೋ." ಟೈಲರಮ್ಮ ಒಬ್ಬರು ತಮ್ಮ ಹಾಳೆ ತಿರುಗಿಸಿದರೆ, ಅಲ್ಲಿ ಎರಡು ಜಡೆಯ ಹುಡುಗಿ ಒಂದು ಜಡೆಯನ್ನು ಕಚ್ಚಿಕೊಂಡು ಕೂತಿದ್ದಳು. ನಲವತ್ತೊಂದು ಹಾಳೆ, ನಲವತ್ತೊಂದು ಮಗು. ನಾನು ಒಬ್ಬೊಬ್ಬರ ಭುಜದ ಮೇಲಿಂದಲೂ ಇಣುಕಿ ನೋಡಿದೆ. ಅಜ್ಜಿ ಎಷ್ಟು ಚೆನ್ನಾಗಿ ಬರೆಯುತ್ತಿದ್ದಳು ಎಂದು ನನಗೆ ತಿಳಿದದ್ದೇ ಆಗ.

ನಲ್ಲಿಯವರು ಮಾತ್ರ ಇನ್ನೂ ಅದೇ ಹಾಳೆ ನೋಡುತ್ತಿದ್ದರು. "ಮೇಡಂ, ಇದನ್ನ ಗೋಡೆಗೆ ಹಾಕ್ಲೇಬೇಕಾ? ನಾನು ಚಿಕ್ಕವನಿದ್ದಾಗಿಂದು ಒಂದೂ ಫೋಟೋ ಇಲ್ಲ. ನಮ್ಮಮ್ಮನಿಗೆ ತೋರಿಸ್ಬೇಕಿತ್ತು."

ಬೆಳಗ್ಗೆಯಾಗಿದ್ದರೆ ಆ ಒಂದು ಚಿತ್ರಕ್ಕಾಗಿ ನಾನು ಹೊಡೆದಾಟಕ್ಕೂ ಸಿದ್ಧಳಿದ್ದೆ. "ನಿಮ್ದೇ ಅಲ್ವಾ, ತಗೊಂಡೋಗಿ," ಎಂದೆ. ಅಷ್ಟೇ, ಉಳಿದವರೂ ತಂತಮ್ಮ ಹಾಳೆ ಎದೆಗವಚಿಕೊಂಡರು.

ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡು ಗುಮಾಸ್ತರನ್ನು ಕರೆದರು. "ಕೋಣೆಯ ಬೋರ್ಡಲ್ಲಿ ಅವರ ಹೆಸರಿನ ಕೆಳಗೆ 'ಚಿತ್ರಕಲಾವಿದೆ' ಅಂತ ಬರೆಸಿ."

ಆ ಒಂದು ಮಾತಿಗೇ ಅಲ್ಲವೇ ನಾನು ಇಷ್ಟು ಕುಣಿದದ್ದು.

"ಟೀಚರ್ ಅಂತ್ಲೇ ಬರೆಸಿ ಸಾರ್," ಎಂದರು ನಲ್ಲಿಯವರು ಬಾಗಿಲಲ್ಲಿ ನಿಂತು.

ಹೆಡ್‌ಮಾಸ್ಟರು ನನ್ನ ಮುಖ ನೋಡಿದರು. ಜಗಳಕ್ಕೆಂದೇ ಬಂದಿದ್ದ ನಾನು ಹೂಂ ಎಂದೆ.