ಗುರುತಿಗೆ ಇಟ್ಟ ಕಾರ್ಡು

"ನಿನ್ನ ಗಂಡಂದು ಆಪರೇಶನ್ ಆಗೇತಲ್ಲ ಬೇ. ಮತ್ತ ಇದು ಹೆಂಗ?" ಎಂದು ನರ್ಸಬಾಯಿ ಕಾಶಿಬಾಯಿ ಪುಸ್ತಕದಿಂದ ತಲೆಯೆತ್ತದೆ ಕೇಳಿದಾಗ, ಜುಲೇಖಾ ಆರು ತಿಂಗಳ ಹೊಟ್ಟೆ ಹೊತ್ತು ಹೊಸ್ತಿಲಲ್ಲಿ ನಿಂತಿದ್ದಳು. ಒಳಗೆ ಅತ್ತೆ ದಾವಲಬಿ ಜೋಳ ಹಸನು ಮಾಡುತ್ತಿದ್ದಳು. ಮೊರದ ಸದ್ದು ನಿಂತಿತು.

ಕಾಶಿಬಾಯಿ ಕೆಟ್ಟವಳಲ್ಲ. ಇಬ್ರಾಹಿಂಪುರದ ಓಣಿ ಓಣಿ ತಿರುಗಿ ಬಸುರಿಯರ ಹೆಸರು ಬರೆದುಕೊಳ್ಳುವುದು ಅವಳ ಕೆಲಸ. ದನಿ ಮಾತ್ರ ದೊಡ್ಡದು, ರೈಲು ಹಳಿಯ ಆಚೆಗೂ ಕೇಳುವಂಥದು. ಟಿಕೋಟಾದಿಂದ ಬಂದ ಪಟ್ಟಿಯಲ್ಲಿ ಬಾಬುಸಾಬ ಮಲಂಗಸಾಬ ಪಿಂಜಾರ ಎಪ್ಪತ್ತಾರನೆಯ ಇಸವಿ ಫೆಬ್ರುವರಿಯಲ್ಲಿ, ಅಲ್ಲಿ ಹಾಕಿದ್ದ ಕ್ಯಾಂಪಿನಲ್ಲಿ, ಇನ್ನು ಮಕ್ಕಳಾಗದಂತೆ ಆಪರೇಶನ್ ಮಾಡಿಸಿಕೊಂಡಿದ್ದಾನೆ ಎಂದು ಬರೆದಿತ್ತು. ಈಗ ಅದೇ ವರ್ಷದ ನವೆಂಬರು. ಸಾಲೆಗೆ ಹೋಗದವರೂ ಬೆರಳು ಮಡಿಚಿ ಎಣಿಸಬಹುದಾದಷ್ಟು ಸುಲಭದ ಲೆಕ್ಕ. ಸಂಜೆಯೊಳಗೆ ಓಣಿ ಅದನ್ನು ಎಣಿಸಿ ಮುಗಿಸಿತು.

ಹಳ್ಳಿಗಳಲ್ಲಿ ಗಾದಿಗೆ ಅರಳೆ ಹಿಂಜಿ ವಾರಕ್ಕೊಮ್ಮೆ ಮನೆಗೆ ಬರುವ ಬಾಬುಸಾಬ ಅಂದು ಹಿಂಜುವ ಕಮಾನು ಹೆಗಲಿಂದ ಇಳಿಸುವ ಮೊದಲೇ ತಾಯಿ ಕೇಳಿದಳು: "ಯಪ್ಪಾ, ನಮ್ಮ ಮುಂದ ಮುಚ್ಚಿಟ್ಟು ಮಾಡಿಸ್ಕೊಂಡೀ ಏನು?"

ಇಲ್ಲವೆಂದ. ಆದರೆ ಆ ವರ್ಷ ಎಷ್ಟೋ ಗಂಡಸರು ಮಾಡಿಸಿಕೊಂಡು ಬಂದು ಮನೆಯಲ್ಲಿ ಇಲ್ಲವೆಂದೇ ಹೇಳುತ್ತಿದ್ದರು. ಹಾಗಾಗಿ ಅವನ ಇಲ್ಲ ಎಂಬುದು ಯಾರ ಕಿವಿಗೂ ಇಲ್ಲ ಎಂದು ಕೇಳಿಸಲಿಲ್ಲ. ಹೆಂಡತಿಯನ್ನು ಉಳಿಸಿಕೊಳ್ಳಲು ಸುಳ್ಳು ಹೇಳುತ್ತಾನೆ, ಪಾಪ, ಎಂದರು. ಆಡುವವರ ಬಾಯಿಗೆ ಹೊಲಿಗೆ ಹಾಕುವವರು ಯಾರು? ದಾವಲಬಿ ಸೊಸೆಯ ಕೈಯಿಂದ ನೀರು ಇಸಿದುಕೊಳ್ಳುವುದನ್ನು ಬಿಟ್ಟಳು.

ಮೂರನೆಯ ದಿನ ಜುಲೇಖಾಳ ತಂದೆ ಹುಸೇನಸಾಬ ಬಬಲೇಶ್ವರದಿಂದ ಬಸ್ಸು ಹತ್ತಿ ಬಂದ. ಚಹಾ ಮುಟ್ಟಲಿಲ್ಲ. ಬರುವ ಶುಕ್ರವಾರ ನಮಾಜಾದ ಮೇಲೆ ಓಣಿಯ ಹಿರಿಯರು ಕೂಡಲಿ, ಪಟ್ಟಿ ಸುಳ್ಳೆಂಬ ಸರಕಾರದ ಕಾಗದ ಇದ್ದರೆ ತೋರಿಸಿ, ಇಲ್ಲದಿದ್ದರೆ ಮಗಳನ್ನು ಕರೆದುಕೊಂಡು ಹೋಗುತ್ತೇನೆ, ಈ ಮಾತು ಕೇಳಿಸಿಕೊಂಡು ಅವಳು ಇಲ್ಲಿ ಹಡೆಯುವುದು ಬೇಡ ಎಂದು ಹೇಳಿ ಹೋದ. ಹೋಗುವಾಗ ಮಗಳ ಮುಖ ನೋಡಲಿಲ್ಲ.

ಬಾಬುಸಾಬನಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಬಹಳ ಹೊತ್ತು ಮಡಿಚಿ ಕೂತ ಕಾಲಿನಂತೆ ಎದೆಯೇ ಜೋಮು ಹಿಡಿದಿತ್ತು. ತನ್ನ ಮೈ ತನಗೆ ಗೊತ್ತು. ಅದನ್ನು ಓಣಿಯ ನಡುವೆ ಹರವಿ ತೋರಿಸಲು ಬರುವುದಿಲ್ಲ, ಅಷ್ಟೇ. ತನ್ನ ಹೆಸರು ಹೊತ್ತು ಯಾರೋ ಆ ಕ್ಯಾಂಪಿನ ಡೇರೆಯೊಳಗೆ ಹೋಗಿ ಬಂದಿದ್ದಾನೆ. ಯಾರು? ಆ ಫೆಬ್ರುವರಿಯಲ್ಲಿ ತಾನೆಲ್ಲಿದ್ದೆ ಎಂದು ಒಂದೊಂದೇ ಊರು ನೆನೆಯುತ್ತ ಹೋದವನಿಗೆ ಕಳ್ಳಕವಟಗಿ ಸಿಕ್ಕಿತು.

ಪಿಂಜಾರರಲ್ಲಿ ಅವನ ಅಪ್ಪನ ಕಾಲದಿಂದ ಒಂದು ರೂಢಿ. ಗಿರಾಕಿಯ ಮನೆಯಲ್ಲಿ ಹಿಂಜಲು ಜಾಗವಿಲ್ಲದಿದ್ದರೆ ಅವರ ಅರಳೆಯನ್ನು ತಮ್ಮ ಮನೆಗೆ ಒಯ್ಯುವುದು. ಒಯ್ಯುವಾಗ ನಂಬಿಕೆಗೆಂದು ತಮ್ಮದೊಂದು ವಸ್ತುವನ್ನು ಗುರುತಿಗೆ ಇಟ್ಟು ಹೋಗುವುದು. ಅಪ್ಪ ಬೆಳ್ಳಿಯ ಉಂಗುರ ಇಡುತ್ತಿದ್ದ. ಉಂಗುರ ಸಾಲಕ್ಕೆ ಕರಗಿ ಹೋದ ಮೇಲೆ ಬಾಬುಸಾಬ ರೇಶನ್ ಕಾರ್ಡು ಇಡತೊಡಗಿದ. ಹೆಸರಿದೆ, ಓಣಿಯಿದೆ, ಸರಕಾರ ಒತ್ತಿದ ಸಿಕ್ಕೆಯಿದೆ, ಇದಕ್ಕಿಂತ ದೊಡ್ಡ ಗುರುತು ಬೇಕೆ ಎಂದು ಅವನೇ ಜಂಬದಿಂದ ಹೇಳುತ್ತಿದ್ದ. ಕಳ್ಳಕವಟಗಿಯ ಭಾಗಪ್ಪ ಮಾಸ್ತರರ ಮನೆಯಲ್ಲಿ ಆ ಕಾರ್ಡು ಹತ್ತು ದಿನ ಇತ್ತು.

ಮಾಸ್ತರರು ಅವನನ್ನು ಕಂಡೊಡನೆ ಸಾಲೆ ಬಿಟ್ಟು ಹೊರಗೆ ಬಂದರು. ಮುಚ್ಚಿಡಲು ನೋಡಲಿಲ್ಲ. ಒಬ್ಬೊಬ್ಬ ಮಾಸ್ತರ ಆಪರೇಶನ್ನಿಗೆ ಇಷ್ಟಿಷ್ಟು ಕೇಸು ತರಬೇಕು, ತರುವ ತನಕ ಪಗಾರವಿಲ್ಲ ಎಂದು ಮೇಲಿನಿಂದ ಹುಕುಮು ಬಂದಿತ್ತು. ಒಂದು ಕೇಸು ಕಡಿಮೆ ಬಿತ್ತು. ಮನೆ ಮಠವಿಲ್ಲದ ಮುದುಕನೊಬ್ಬ ಸಿಕ್ಕ. ಅವನಿಗೆ ಕಾಗದಪತ್ರ ಇರಲಿಲ್ಲ, ಇವರ ಮನೆಯ ಗೂಟಕ್ಕೆ ಬಾಬುಸಾಬನ ಕಾರ್ಡು ತೂಗುತ್ತಿತ್ತು. ಮುದುಕ ಹೋದ ಬೇಸಿಗೆಯಲ್ಲೇ ಸತ್ತನಂತೆ.

"ಬರದು ಕೊಡ್ರಿ ಸರ್ ಇದನ್ನ," ಎಂದ ಬಾಬುಸಾಬ.

"ಬರದ್ರ ನಾ ಜೇಲಿಗೆ ಹೋಗ್ತೀನಿ. ಬೇಕಾರ ನಿನ್ನ ಕಾಲು ಬೀಳ್ತೀನಿ ತಮ್ಮಾ, ಬರಿ ಅನಬ್ಯಾಡ," ಎಂದರು ಮಾಸ್ತರರು, ಮತ್ತು ನಿಜವಾಗಿಯೂ ಬಗ್ಗಿದರು. ಬಾಬುಸಾಬ ಹಿಂದೆ ಸರಿದ. ಅಕ್ಷರ ಕಲಿಸುವ ಮನುಷ್ಯ ತನ್ನ ಕಾಲಿಗೆ ಬಗ್ಗಿದ್ದು ನೋಡಿ ಅವನಿಗೇ ನಾಚಿಕೆಯಾಯಿತು. ಬೈಯಬೇಕೆಂದು ಬಂದವನು ಬೈಯದೆ ಟಿಕೋಟಾದ ದಾರಿ ಹಿಡಿದ.

ಟಿಕೋಟಾದ ಬಯಲಲ್ಲಿ ಡೇರೆ ಮತ್ತೆ ಎದ್ದಿತ್ತು. ಮೇಜಿನ ಮುಂದೆ ಕೂತ ಸಾಹೇಬರು ಅವನ ಮಾತನ್ನು ಪೂರ್ತಿ ಕೇಳಿದರು. ಪರದೆಯ ಹಿಂದೆ ಡಾಕ್ಟರು ಅವನ ಧೋತರ ಸಡಿಲಿಸಿ ನೋಡಿ, ಇವನಿಗೆ ಏನೂ ಆಗಿಲ್ಲ ಎಂದು ಹೊರಗೆ ಕೂಗಿ ಹೇಳಿದರು. ಸಾಲಿನಲ್ಲಿ ಕೂತ ನಾಲ್ಕಾರು ಮಂದಿ ಕೇಳಿಸಿಕೊಂಡರು. ತಾನು ತಾನೇ ಎಂದು ಇಷ್ಟು ಬೇಗ ಸಿದ್ಧವಾಗುತ್ತದೆಂದು ಬಾಬುಸಾಬ ಎಣಿಸಿರಲಿಲ್ಲ. ಅದನ್ನೇ ಬರೆದು ಕೊಡಿ ಎಂದು ಕೇಳಿದ.

ಸಾಹೇಬರು ನಕ್ಕರು, ಒಳ್ಳೆಯ ನಗೆಯೇ. ಬರೆದು ಕೊಟ್ಟರೆ ಫೆಬ್ರುವರಿಯ ಸಾಲು ಹೊಡೆದು ಹಾಕಬೇಕು. ಹೊಡೆದರೆ ಮೇಲಕ್ಕೆ ಕಳಿಸಿದ ಲೆಕ್ಕದಲ್ಲಿ ಒಂದು ಕಡಿಮೆಯಾಗುತ್ತದೆ. ಅದಕ್ಕೆ ಯಾರು ಉತ್ತರ ಕೊಡುತ್ತಾರೆ ಎಂದು ತಿಳಿಸಿ ಹೇಳಿದರು.

"ಒಂದ ಹೊಡದ್ರ ಒಂದ ಕೂಡಿಸ್ಬೇಕು. ನೀ ಇವತ್ತ ಮಾಡಿಸ್ಕೊ. ಇವತ್ತಿನ ತಾರೀಕು ಹಾಕಿ, ಹಳೇದು ನಿಂದಲ್ಲ ಅಂತ ನಾನ ಸಹಿ ಮಾಡಿ ಕೊಡ್ತೀನಿ. ನಿನ್ನ ಹೇಣ್ತಿ ಮ್ಯಾಲಿನ ಮಾತು ತಾನ ಹೋಗ್ತದ." ಸಾಹೇಬರು ಅವನ ರೇಶನ್ ಕಾರ್ಡನ್ನು ತಿರುವಿ ನೋಡಿದರು. "ಮೂರು ಮಕ್ಕಳು, ಹೊಟ್ಟ್ಯಾಗೊಂದು. ಇನ್ನೆಷ್ಟು ಬೇಕೋ ನಿನಗ?"

ಬಾಬುಸಾಬನ ಮನೆಯಲ್ಲಿದ್ದದ್ದು ಒಬ್ಬಳೇ ಮಗಳು, ಏಳು ವರ್ಷದ ನಜಮಾ. ಇಸಾಕ ಹೋಗಿ ನಾಲ್ಕು ವರ್ಷ, ನಿಜಾಮುದ್ದೀನ ಹೋಗಿ ಎರಡು. ಇಬ್ಬರೂ ವಾಂತಿಭೇದಿಯಲ್ಲೇ ಹೋದವರು. ಕಾರ್ಡಿನಲ್ಲಿ ಮಾತ್ರ ಇಬ್ಬರೂ ಹಾಗೇ ಉಳಿದಿದ್ದರು. ಅರ್ಧ, ರೇಶನ್ ಸಕ್ಕರೆಯ ಆಸೆಗೆ. ಇನ್ನರ್ಧ, ಆಫೀಸಿಗೆ ಹೋಗಿ ಆ ಹೆಸರುಗಳ ಮೇಲೆ ಗೀಟು ಎಳೆಸುವ ಗಟ್ಟಿತನ ಗಂಡನಿಗೂ ಇರಲಿಲ್ಲ, ಹೆಂಡತಿಗೂ ಇರಲಿಲ್ಲ. ಈಗ ಸತ್ತಿದ್ದಾರೆ ಎಂದರೆ ಇಷ್ಟು ವರ್ಷ ಅವರ ಪಾಲಿನ ಸಕ್ಕರೆ ತಿಂದವರಾರು ಎಂಬ ಪ್ರಶ್ನೆ ಬರುತ್ತದೆ. ಸುಳ್ಳು ಕಾರ್ಡಿನವನ ಮಾತಿಗೆ ಸಾಹೇಬರು ಸಹಿ ಹಾಕುತ್ತಾರೆಯೇ? ಅಂದು ಬುಧವಾರ. ಶುಕ್ರವಾರಕ್ಕೆ ನಡುವೆ ಉಳಿದದ್ದು ಒಂದು ದಿನ.

"ಸಾಕ್ರಿ," ಎಂದ.

ಸೂಜಿ ಚುಚ್ಚಿದ ಮೇಲೆ ನೋವು ತಿಳಿಯಲಿಲ್ಲ. ಡೇರೆಯ ಬಟ್ಟೆಯ ಮೇಲೆ ಹೊರಗಿನ ಆಕಳೊಂದರ ನೆರಳು ಹಾದು ಹೋಯಿತು. ಅದನ್ನೇ ನೋಡುತ್ತ ಮಲಗಿದ್ದ. ಕೊನೆಗೆ ಮಾಡಿಸಿಕೊಂಡವರಿಗೆಲ್ಲ ಕೊಡುವಂತೆ ಒಂದು ತುಪ್ಪದ ಡಬ್ಬಿ ಕೊಟ್ಟರು, ಕಾಗದ ಕೊಟ್ಟರು. ಬಸ್ಸಿನಲ್ಲಿ ಜಾಗ ಸಿಕ್ಕರೂ ನಿಂತೇ ಬಂದ.

ಮನೆಯಲ್ಲಿ ಜುಲೇಖಾ ಅವನ ನಡಿಗೆ ನೋಡಿದಳು, ತುಪ್ಪದ ಡಬ್ಬಿ ನೋಡಿದಳು. ಹಾಸಿಗೆ ಹಾಸಿದಳು.

ಶುಕ್ರವಾರ ಅಂಗಳದಲ್ಲಿ ಜಮಖಾನೆ ಹಾಸಿತ್ತು. ಹಿರಿಯರು ಬಂದರು, ಹುಸೇನಸಾಬ ಬಂದ. ಬಾಬುಸಾಬ ಗೋಡೆಗೆ ಆನಿಕೊಂಡು ನಿಂತ. ಜುಲೇಖಾ ಬಾಗಿಲ ಪರದೆಯ ಹಿಂದಿದ್ದಳು. ಓಣಿಯಲ್ಲಿ ಓದುಬರಹ ಬಲ್ಲ ಲಾಡಲೇಸಾಬ ಕನ್ನಡಕ ಏರಿಸಿ ಕಾಗದ ಬಿಚ್ಚಿದ. ಫೆಬ್ರುವರಿಯಲ್ಲಿ ಬರೆದದ್ದು ಬೇರೆ ಮನುಷ್ಯನದು, ಈ ಬಾಬುಸಾಬನದಲ್ಲ. ಇವನಿಗೆ ಆಪರೇಶನ್ ಆದದ್ದು ನವೆಂಬರ್ ಇಪ್ಪತ್ನಾಲ್ಕಕ್ಕೆ. ಕೆಳಗೆ ಸಹಿ, ಸಿಕ್ಕೆ.

ಹಿರಿಯರು ಒಬ್ಬರನ್ನೊಬ್ಬರು ನೋಡಿಕೊಂಡು ತಲೆಯಾಡಿಸಿದರು. ಹುಸೇನಸಾಬ, ಮಗಳು ಇಲ್ಲೇ ಹಡೆಯಲಿ ಎಂದ. ದಾವಲಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಸಭೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಲಾಡಲೇಸಾಬ ಹಿಡಿದ ಕಾಗದವನ್ನು ಪೂರ್ತಿ ಓದದೆ ಬಿಡುವ ಗಿರಾಕಿಯಲ್ಲ.

"ಜೀವಂತ ಮಕ್ಕಳು, ಮೂರು," ಎಂದು ಅದೇ ದನಿಯಲ್ಲಿ ಮುಂದುವರಿಸಿದ. "ನಜಮಾ, ಏಳು ವರ್ಷ. ಇಸಾಕ, ಐದು ವರ್ಷ. ನಿಜಾಮುದ್ದೀನ..." ಅಲ್ಲಿ ಅವನ ದನಿ ಇಳಿಯಿತು. "ಮೂರು ವರ್ಷ."

ಆ ಎರಡೂ ಮಕ್ಕಳನ್ನು ಎತ್ತಿಕೊಂಡು ಹೋಗಿ ಮಣ್ಣು ಕೊಟ್ಟವರೇ ಅಲ್ಲಿ ಕೂತಿದ್ದರು.

"ಇನ್ನೊಮ್ಮೆ ಓದ್ರಿ," ಎಂದಿತು ಪರದೆಯ ಹಿಂದಿನ ದನಿ.

ಲಾಡಲೇಸಾಬ ಗಡಿಬಿಡಿಯಿಂದ ಕಾಗದ ಮೇಲೆತ್ತಿ, ಆಪರೇಶನ್ ಆದದ್ದು ನವೆಂಬರ್ ಇಪ್ಪತ್ನಾಲ್ಕು ಎಂದು ಮತ್ತೆ ಓದತೊಡಗಿದ.

"ಅದಲ್ರಿ," ಎಂದಳು ಜುಲೇಖಾ. "ಮಕ್ಕಳ ಹೆಸರು."